ಐದು ಟ್ಯೂಬಿನಲ್ಲಿ ಎರಡು ಕಪ್ಪಾದಾಗ

ಶಿರಸಿಯ ಲ್ಯಾಬ್ ಒಂದರಲ್ಲಿ ಹಾಲು, ಪನೀರ್, ಚೀಸ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಹಸಿ ಚೀಸ್ ಬಂದರೆ ನನಗೆ ಮೊದಲು ಭಯವಾಗುವುದು ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ್ದು. ಅದು ಫ್ರಿಜ್ಜಿನ 4 ಡಿಗ್ರಿ ಚಳಿಯಲ್ಲೂ ನಿಧಾನಕ್ಕೆ ಬೆಳೆಯುತ್ತದೆ. ವಾಸನೆಯಿಂದ, ರುಚಿಯಿಂದ ಗೊತ್ತಾಗುವುದಿಲ್ಲ.

ಹೋದ ಮಳೆಗಾಲದಲ್ಲಿ ಹತ್ತಿರದ ಹಳ್ಳಿಯ ಅಕ್ಕ ಒಬ್ಬರು ತಾವೇ ಮಾಡಿದ ಮೆತ್ತನೆ ಚೀಸ್ ತಂದರು. ಅಂಗಡಿಗೆ ಕೊಡುವ ಮೊದಲು ನೋಡಿಸೋಣ ಅಂತ. ಒಂದೇ ದಿನ ಮಾಡಿದ ಐದು ತುಂಡು. ಐದರಲ್ಲಿ ಯಾವುದರ 25 ಗ್ರಾಂನಲ್ಲೂ ಲಿಸ್ಟೀರಿಯಾ ಸಿಗಬಾರದು ಎನ್ನುವುದು ನಮ್ಮ ನಿಯಮ.

ಪ್ರತಿ ತುಂಡಿನ ಹೊರಪದರ, ಒಳಗಿನ ಭಾಗ ಸೇರಿಸಿ 25 ಗ್ರಾಂ ತೂಗಿದೆ. ಬರೀ ಒಳಗಿನದು ತೆಗೆದರೆ ತಪ್ಪು ಉತ್ತರ ಸಿಗಬಹುದು. ಕೊಳೆ ಮೊದಲು ತಾಗುವುದು ಹೊರಗೇ ಅಲ್ವಾ. ಲಿಸ್ಟೀರಿಯಾ ಬೆಳೆಸಲು ಬಳಸುವ ಹಾಫ್ ಫ್ರೇಸರ್ ದ್ರಾವಣ 225 ಮಿಲಿಯಲ್ಲಿ ಕಲೆಸಿ 30 ಡಿಗ್ರಿಯಲ್ಲಿಟ್ಟೆ. ಮರುದಿನ ಸ್ವಲ್ಪ ತೆಗೆದು ಫ್ರೇಸರ್ ಟ್ಯೂಬಿಗೆ ಹಾಕಿ 37 ಡಿಗ್ರಿಗೆ ಇಟ್ಟೆ. ಮಳೆಗಾಲದ ಕರೆಂಟ್ ನಂಬುವ ಹಾಗಿಲ್ಲ. ರಾತ್ರಿ ಒಮ್ಮೆ ಹೋಗಿ ಥರ್ಮಾಮೀಟರ್ ನೋಡಿ ಬಂದೆ.

ಬೆಳಿಗ್ಗೆ ನೋಡಿದರೆ ಎರಡು ಟ್ಯೂಬ್ ಕಾಫಿ ಡಿಕಾಕ್ಷನ್ ಹಾಗೆ ಕಪ್ಪಾಗಿದ್ದವು. ಲಿಸ್ಟೀರಿಯಾ ಇದ್ದರೆ ಈ ದ್ರಾವಣ ಕಪ್ಪಾಗುತ್ತದೆ. ಆದರೆ ಅಷ್ಟರಿಂದಲೇ ಹೇಳಲಾಗದು, ಬೇರೆ ಬ್ಯಾಕ್ಟೀರಿಯಾವೂ ಕಪ್ಪು ಮಾಡಬಹುದು. ಐದನ್ನೂ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಮೇಲೆ ಎಳೆದೆ. ಎರಡು ದಿನಕ್ಕೆ ಆ ಎರಡರಲ್ಲಿ ನೀಲಿ-ಹಸಿರು ಚುಕ್ಕಿಗಳು, ಸುತ್ತ ಮಂಜಿನಂಥ ಬಿಳಿ ಉಂಗುರ. ಅದು ಲಿಸ್ಟೀರಿಯಾದ ಗುರುತು. ಮುಂದಿನ ಪರೀಕ್ಷೆಗಳಲ್ಲೂ ಅದೇ ಖಾತ್ರಿಯಾಯಿತು.

ಫೋನ್ ಮಾಡಿ ಮೊದಲು ಕೇಳಿದ್ದು, "ಅಕ್ಕಾ, ಮನೇಲಿ ಬಸುರಿಯರು ಯಾರಾದ್ರೂ ಇದ್ದಾರಾ?" ಹೆರಿಗೆಗೆ ಬಂದ ಮಗಳಿದ್ದಳು, ಏಳು ತಿಂಗಳು. ಚೀಸ್ ತಿಂದಿದ್ದಳು. ನನ್ನ ಕೈ ತಣ್ಣಗಾಯಿತು. 1985ರಲ್ಲಿ ಲಾಸ್ ಏಂಜಲಿಸ್ ಕಡೆ ಲಿಸ್ಟೀರಿಯಾ ಸೇರಿದ ಇಂಥದೇ ಮೆತ್ತನೆ ಚೀಸಿನಿಂದ 142 ಜನ ಕಾಯಿಲೆ ಬಿದ್ದರು. ಅವರಲ್ಲಿ ಹೆಚ್ಚಿನವರು ಬಸುರಿಯರು, ಎಳೆ ಮಕ್ಕಳು. ಅವತ್ತೇ ಡಾಕ್ಟರ ಹತ್ತಿರ ಕಳಿಸಿದೆ. ಲಕ್ಷಣ ಕಾಣಿಸಲು 70 ದಿನದವರೆಗೂ ಹಿಡಿಯಬಹುದು, ಹಾಗಾಗಿ ಕ್ಯಾಲೆಂಡರಿನಲ್ಲಿ 70ನೇ ದಿನಕ್ಕೆ ಗುರುತು ಹಾಕಿಟ್ಟೆ. ದೇವರ ದಯೆ, ಜ್ವರ ಬರಲಿಲ್ಲ.

"ಆನು ಹಾಲು ಕಾಸೇ ಮಾಡಿದ್ದಿ ತಂಗಿ, ಇದು ಎಲ್ಲಿಂದ ಬಂತು?" ಎಂದರು ಅಕ್ಕ. ಅವರು ಹೇಳಿದ್ದು ನಿಜ. 63 ಡಿಗ್ರಿಯಲ್ಲಿ ಅರ್ಧ ತಾಸು ಬಿಸಿ ಮಾಡಿದ್ದರು, ಅಷ್ಟಕ್ಕೆ ಲಿಸ್ಟೀರಿಯಾ ಸಾಯುತ್ತದೆ. ಅಂದರೆ ಬಂದದ್ದು ಆಮೇಲೆ. ಅವರ ಮನೆಗೇ ಹೋದೆ. ಕೊಟ್ಟಿಗೆಯಲ್ಲಿ ಬೆಟ್ಟದ ಹಸಿ ಸೊಪ್ಪು ಹಾಸಿತ್ತು. ಕೊಳೆತ ಎಲೆ, ಮಣ್ಣು, ಸಗಣಿ ಲಿಸ್ಟೀರಿಯಾ ಇರುವ ಜಾಗಗಳೇ. ಅಲ್ಲಿ ಓಡಾಡಿದ ಚಪ್ಪಲಿಯಲ್ಲೇ ಚೀಸ್ ಕೋಣೆಗೆ ಬರುತ್ತಿದ್ದರು. ಬಟ್ಟೆ, ಚಾಕು, ಫ್ರಿಜ್, ಮರದ ಮಣೆ, ನೀರು ಹೋಗುವ ಕಂಡಿ, ಎಲ್ಲದರಿಂದ ಸ್ವಾಬ್ ತೆಗೆದೆ. ಸಿಕ್ಕಿದ್ದು ಕಂಡಿಯಲ್ಲಿ, ಮಣೆಯ ಬಿರುಕಿನಲ್ಲಿ.

ಮಣೆ ಒಲೆಗೆ ಹೋಯಿತು, ಸ್ಟೀಲ್ ತಟ್ಟೆ ಬಂತು. ಚೀಸ್ ಕೋಣೆಗೆ ಬೇರೆ ಚಪ್ಪಲಿ. ಕಂಡಿ ಮಾತ್ರ ಹಟ ಹಿಡಿಯಿತು. ಉಜ್ಜಿ, ಬ್ಲೀಚ್ ಹಾಕಿದ ಮೇಲೂ ಎರಡನೇ ಸಲ ಟ್ಯೂಬ್ ಕಪ್ಪಾಯಿತು. ಮೂರನೇ ಸಲ ಆಗಲಿಲ್ಲ. ಆಮೇಲೆ ಮೂರು ಸಲ ಮಾಡಿದ ಚೀಸಿನ 15 ತುಂಡಿನಲ್ಲೂ ಏನೂ ಬೆಳೆಯದಿದ್ದಾಗ ವರದಿಗೆ ಸಹಿ ಹಾಕಿದೆ.