ಐಸ್‌ಲ್ಯಾಂಡಿಕ್ ಭಾಷೆಯಲ್ಲಿ ನನ್ನ ಮೊದಲ ಮೂರು ನಾಟಕಗಳು

ನೀನಾಸಂನಲ್ಲಿ ರಂಗಶಿಕ್ಷಣ ಮುಗಿಸಿ, ತಿರುಗಾಟದ ತಂಡದಲ್ಲಿ ನಟನಾಗಿ ಊರೂರು ಸುತ್ತಿ, ಆಮೇಲೆ ಐಸ್‌ಲ್ಯಾಂಡಿಗೆ ಬಂದು ನೆಲೆಸಿದ ನಾನು ಇದುವರೆಗೆ ಅಲ್ಲಿನ ಭಾಷೆಯಲ್ಲಿ ಮೂರು ನಾಟಕಗಳನ್ನು ನಿರ್ದೇಶಿಸಿದ್ದೇನೆ. ಊರಿಗೆ ಹೋದಾಗಲೆಲ್ಲ ರಂಗಭೂಮಿಯ ಗೆಳೆಯರು ಕೇಳುವುದು ಒಂದೇ ಪ್ರಶ್ನೆ: ಬಾರದ ಭಾಷೆಯಲ್ಲಿ ನಾಟಕ ಹೇಗೆ ಮಾಡಿಸುತ್ತೀಯ? ಭಾಷೆ ಬಾರದೆ ಮಾಡಿಸಿದ್ದಲ್ಲ. ಐಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪರಭಾಷಿಕರಿಗೆಂದೇ ಇರುವ ಐಸ್‌ಲ್ಯಾಂಡಿಕ್ ಪದವಿಯ ತರಗತಿಗಳಲ್ಲಿ ಕೂತು, ನಾಲ್ಕು ವಿಭಕ್ತಿ ಮತ್ತು ಮೂರು ಲಿಂಗಗಳ ಕೋಷ್ಟಕಗಳನ್ನು ಉರುಹೊಡೆದ ಮೇಲೆಯೇ ನಾನು ಅಲ್ಲಿನ ರಂಗದ ಕಡೆ ತಲೆಹಾಕಿದ್ದು. ಆದರೆ ವ್ಯಾಕರಣ ಕಲಿತವನಿಗೆ ನಾಟಕದ ಅರ್ಥ ತಿಳಿಯುತ್ತದೆಯೇ ಹೊರತು, ನಟನ ಮಾತು ಸರಿಯಾಗಿ ಬಿತ್ತೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ಅದನ್ನು ಕಿವಿಗೆ ಕಲಿಸಿದ ಬಗೆಯನ್ನೇ ಇಲ್ಲಿ ಮುಖ್ಯವಾಗಿ ಹೇಳಬೇಕೆಂದಿದ್ದೇನೆ.

ನಾಲ್ಕು ಲಕ್ಷ ಜನರೂ ಇಲ್ಲದ ಆ ದೇಶದಲ್ಲಿ ನಾಟಕದ ಹುಚ್ಚು ದೊಡ್ಡದು. ರಾಜಧಾನಿ ರೇಕ್ಯಾವಿಕ್‌ನ ನಾಟಕ ಸಂಘ 1897ರಲ್ಲಿ ಹುಟ್ಟಿ, ಊರ ನಡುವಿನ ಕೆರೆಯ ದಡದಲ್ಲಿರುವ ಇದ್ನೋ ಎಂಬ ಕಟ್ಟಡದಲ್ಲಿ ದಶಕಗಳ ಕಾಲ ನಾಟಕ ಆಡಿ, 1989ರಲ್ಲಿ ನಗರ ರಂಗಮಂದಿರಕ್ಕೆ ಸ್ಥಳಾಂತರವಾಯಿತು. ರಾಷ್ಟ್ರೀಯ ರಂಗಮಂದಿರದ ಕೆಲಸ ಅರ್ಧಕ್ಕೇ ನಿಂತು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಕಟ್ಟಡ ಬ್ರಿಟಿಷ್ ಸೈನ್ಯದ ಉಗ್ರಾಣವಾಗಿ ಬಳಕೆಯಾಗಿ, ಕೊನೆಗೂ ಬಾಗಿಲು ತೆರೆದದ್ದು 1950ರಲ್ಲಿ. ಹವ್ಯಾಸಿ ತಂಡಗಳ ಒಕ್ಕೂಟ ಸ್ಥಾಪನೆಯಾದದ್ದೂ ಅದೇ ವರ್ಷ, ಮತ್ತು ನನ್ನಂಥ ಹೊರಗಿನವನಿಗೆ ದಾರಿ ಸಿಕ್ಕಿದ್ದು ಈ ಹವ್ಯಾಸಿಗಳ ಮೂಲಕ. ಕರಾವಳಿಯ ಸಣ್ಣ ಊರುಗಳ ತಂಡಗಳು ಚಳಿಗಾಲದಲ್ಲಿ ನಾಟಕ ಕೈಗೆತ್ತಿಕೊಂಡಾಗ ಸಂಭಾವನೆ ಕೊಟ್ಟು ವೃತ್ತಿಪರ ನಿರ್ದೇಶಕರನ್ನು ಹೊರಗಿನಿಂದ ಕರೆಸಿಕೊಳ್ಳುವುದು ಅಲ್ಲಿ ರೂಢಿಯಲ್ಲಿದೆ. ಹಿಮ ಬಿದ್ದರೆ ಘಟ್ಟದ ದಾರಿ ಮುಚ್ಚಿಹೋಗುವ ಊರಿಗೆ ವಾರಗಟ್ಟಲೆ ಹೋಗಿ ಕೂರಲು ರಾಜಧಾನಿಯ ನಿರ್ದೇಶಕರೆಲ್ಲ ಮುಂದಾಗುವುದಿಲ್ಲ. ಬೇರೆ ಕೆಲಸವಿಲ್ಲದ ನಾನು ಮುಂದಾದೆ.

ಮೊದಲನೆಯದು ಊರಿನವರೇ ಬರೆದ ಕಿರುನಾಟಕಗಳ ಒಂದು ಸಂಜೆ. ಅದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಊರಿನ ಸಮುದಾಯ ಭವನದ ವೇದಿಕೆ ನಮ್ಮ ಕಡೆಯ ಶಾಲಾ ರಂಗಮಂದಿರದಷ್ಟೇ ಇತ್ತು. ಸಿಕ್ಕ ಜಾಗಕ್ಕೆ ನಾಟಕವನ್ನು ಒಗ್ಗಿಸುವುದು ತಿರುಗಾಟದವನಿಗೆ ಹೊಸದೇನಲ್ಲ. ಮೀನು ಸಂಸ್ಕರಣಾ ಘಟಕದ ಪಾಳಿ, ಶಾಲೆ, ಮಕ್ಕಳ ಊಟ ಎಲ್ಲ ಮುಗಿದ ಮೇಲೆ ರಾತ್ರಿ ತಾಲೀಮು ಶುರುವಾಗುತ್ತಿತ್ತು. ನಾನು ಆ ತಾಲೀಮುಗಳಲ್ಲಿ ಪುಸ್ತಕ ಮುಚ್ಚಿಟ್ಟು ಕೇಳುವ ಅಭ್ಯಾಸ ಮಾಡಿಕೊಂಡೆ. ಪುಸ್ತಕ ತೆರೆದಿದ್ದರೆ ಕಣ್ಣು ಓದಿದ್ದನ್ನೇ ಕಿವಿ ಕೇಳಿತೆಂದುಕೊಳ್ಳುತ್ತದೆ. ಮುಚ್ಚಿದ್ದರೆ ನನಗೆ ದಾಟದ ಸಾಲು ಯಾವುದೆಂದು ತಕ್ಷಣ ಗೊತ್ತಾಗುತ್ತದೆ. ಆಗ ಪಕ್ಕದಲ್ಲಿ ಕೂತ, ನಟರು ಮರೆತ ಮಾತನ್ನು ನೆನಪಿಸುವ ಪ್ರಾಂಪ್ಟರ್‌ಳನ್ನು ಕೇಳುತ್ತಿದ್ದೆ: ನಿನಗೆ ದಾಟಿತೇ? ಆಕೆಗೂ ದಾಟಿಲ್ಲವೆಂದರೆ ತಪ್ಪು ನಟನದು, ಆಕೆಗೆ ದಾಟಿದ್ದರೆ ನನ್ನ ಕಿವಿಯದು. ಹೀಗೆ ಪಟ್ಟಿ ಮಾಡುತ್ತ ಹೋದಂತೆ ಎರಡನೆಯ ಬಗೆಯವು ಕಡಿಮೆಯಾಗುತ್ತ ಬಂದವು.

ಎರಡನೆಯ ನಾಟಕ ಯೋಹಾನ್ ಸಿಗುರ್ಯೋನ್ಸನ್ ಅವರ 'ಫ್ಯತ್ಲಾ ಎಯ್ವಿಂದುರ್'. 1911ರಲ್ಲಿ ರೇಕ್ಯಾವಿಕ್‌ನಲ್ಲಿ ಮೊದಲು ರಂಗಕ್ಕೆ ಬಂದ ಇದು ಹದಿನೆಂಟನೆಯ ಶತಮಾನದಲ್ಲಿ ನಿಜವಾಗಿಯೂ ಬದುಕಿದ್ದ ಇಬ್ಬರು ದೇಶಭ್ರಷ್ಟರ ಕಥೆ: ಹತ್ಲಾ ಎಂಬ ವಿಧವೆ ತನ್ನ ಹೊಲಮನೆಯ ಆಳನ್ನು ಪ್ರೀತಿಸುತ್ತಾಳೆ, ಅವನು ಹೆಸರು ಮರೆಸಿಕೊಂಡ ಕಳ್ಳನೆಂದು ತಿಳಿದ ಮೇಲೂ ಅವನೊಂದಿಗೆ ಬೆಟ್ಟಕ್ಕೆ ಓಡಿಹೋಗುತ್ತಾಳೆ, ಹಿಡಿಯಲು ಬಂದವರಿಂದ ತಪ್ಪಿಸಿಕೊಳ್ಳುವ ಗಳಿಗೆಯಲ್ಲಿ ಮಗುವನ್ನು ಜಲಪಾತಕ್ಕೆಸೆಯುತ್ತಾಳೆ, ಕೊನೆಯ ಅಂಕದಲ್ಲಿ ಇಬ್ಬರೂ ಹಿಮಗಾಳಿಗೆ ಸಿಕ್ಕ ಗುಡಿಸಿಲಿನಲ್ಲಿ ಹಸಿವಿನಿಂದ ಒಬ್ಬರನ್ನೊಬ್ಬರು ಹರಿದುಕೊಳ್ಳುತ್ತಾರೆ. ಲೇಖಕರು 1919ರಲ್ಲೇ ತೀರಿಕೊಂಡದ್ದರಿಂದ ಹಕ್ಕಿನ ಹಣ ಕಟ್ಟಬೇಕಿರಲಿಲ್ಲ. ಸಣ್ಣ ತಂಡಕ್ಕೆ ಅದೂ ಒಂದು ಕಾರಣವೇ. ನಾಲ್ಕು ಅಂಕಗಳನ್ನು ಎರಡು ಗಂಟೆಗೆ ಇಳಿಸಿದೆ, ಕುರಿದೊಡ್ಡಿಯ ದೃಶ್ಯದ ಜನಜಂಗುಳಿಯನ್ನು ಕಡಿತಗೊಳಿಸಿದೆ, ಕೊನೆಯ ಅಂಕವನ್ನು ಮಾತ್ರ ಬಹುತೇಕ ಹಾಗೆಯೇ ಉಳಿಸಿದೆ.

ಆ ಕೊನೆಯ ಅಂಕದ ತಾಲೀಮಿನಲ್ಲಿ ನನಗೆ ಭಾಷೆಯ ನಡೆ ಹಿಡಿತಕ್ಕೆ ಬಂತು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಎಲ್ಲ ಹೇಳಿ ಮುಗಿಸಿದ ಮೇಲೆ ಬರುವ ಒಂದು 'ಇಲ್ಲ' ಇಡೀ ಮಾತನ್ನೇ ಮಗುಚಿಬಿಡಬಹುದು. ಆದ್ದರಿಂದ ನಮ್ಮ ನಟ ಉಸಿರನ್ನು ತುದಿಯವರೆಗೆ ಕಾದಿಟ್ಟುಕೊಳ್ಳುತ್ತಾನೆ, ನಮ್ಮ ನಿರ್ದೇಶಕರು 'ಸಾಲಿನ ಕೊನೆ ನುಂಗಬೇಡ' ಎಂದು ಗದರುತ್ತಲೇ ಇರುತ್ತಾರೆ. ಐಸ್‌ಲ್ಯಾಂಡಿಕ್‌ನಲ್ಲಿ ಒತ್ತು ಪದದ ಮೊದಲ ಅಕ್ಷರದ ಮೇಲೆ, ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಎರಡನೆಯ ಸ್ಥಾನದಲ್ಲಿ; ಅಂದರೆ ತೀರ್ಮಾನ ಆರಂಭದಲ್ಲೇ ಆಗಿಹೋಗಿರುತ್ತದೆ, ಉಳಿದದ್ದು ಅದರ ಇಳಿಜಾರು. ಹತ್ಲಾಳ ಪಾತ್ರ ಮಾಡುತ್ತಿದ್ದ ಶಾಲಾ ಶಿಕ್ಷಕಿ ಒಂದು ರಾತ್ರಿ ಜಗಳದ ಒಂದೇ ಸಾಲನ್ನು ನನಗಾಗಿ ಎರಡು ರೀತಿ ಹೇಳಿ ತೋರಿಸಿದರು. ಕೊನೆಯನ್ನು ಎತ್ತಿ ಹಿಡಿದಾಗ ಅದು ಸಭೆಯಲ್ಲಿ ಮಾಡುವ ಭಾಷಣದಂತಿತ್ತು. ಮೊದಲ ಎರಡು ಪದಗಳಲ್ಲಿ ಬಲವನ್ನೆಲ್ಲ ಖರ್ಚುಮಾಡಿ ಉಳಿದುದನ್ನು ತಾನಾಗಿ ಜಾರಲು ಬಿಟ್ಟಾಗ, ಗಂಡನ ಮುಖಕ್ಕೆ ಹೊಡೆದಂತಿತ್ತು. ಅಲ್ಲಿಂದ ಮುಂದೆ ನಾನು ವಾಕ್ಯದ ತುದಿಗೆ ಕಾಯುವುದನ್ನು ಬಿಟ್ಟು, ಅದು ಹೊರಡುವ ಗಳಿಗೆಯನ್ನು ಹಿಡಿಯತೊಡಗಿದೆ. ಚಲನೆಯೂ ಅದಕ್ಕೆ ತಕ್ಕಂತೆ ಬದಲಾಯಿತು: ನಮ್ಮಲ್ಲಿ ಮಾತು ಮುಗಿಸಿ ತಿರುಗುತ್ತೇವೆ, ಅಲ್ಲಿ ತಿರುಗಿ ಮಾತು ಆರಂಭಿಸಿದರೆ ಸಹಜ.

ಇನ್ನೊಂದು ಸಂಗತಿ ಅಲ್ಲಿನ ಯಾರಿಗೂ ವಿಶೇಷವೆನಿಸುವುದಿಲ್ಲ. ಐಸ್‌ಲ್ಯಾಂಡಿನವರು 'ಹೌದು' ಎನ್ನುವಾಗ ಎಷ್ಟೋ ಸಲ ಉಸಿರನ್ನು ಒಳಗೆಳೆದುಕೊಳ್ಳುತ್ತಲೇ ಅನ್ನುತ್ತಾರೆ. ಕೇಳಿ ಅಭ್ಯಾಸವಿಲ್ಲದವನಿಗೆ ಎದುರಿನವರಿಗೆ ಏನೋ ಗಾಬರಿಯಾಯಿತೆಂದೇ ಅನ್ನಿಸುತ್ತದೆ. ತಾಲೀಮಿನ ಬಿಡುವಿನಲ್ಲಿ, ಕಾಫಿ ಹೀರುತ್ತ, ಎಲ್ಲರೂ ಹಾಗೆಯೇ ಮಾತಾಡುತ್ತಿದ್ದರು, ವೇದಿಕೆ ಹತ್ತಿದೊಡನೆ ಆ ಉಸಿರು ಮಾಯವಾಗಿ ಎಲ್ಲರ ಬಾಯಿಗೂ ರೇಡಿಯೋ ನಾಟಕದ ಗಟ್ಟಿ 'ಹೌದು' ಬರುತ್ತಿತ್ತು. ಕೊನೆಯ ಅಂಕದಲ್ಲಿ ಗಂಡ ಕೇಳುವ ಒಂದು ಪ್ರಶ್ನೆಗೆ ಹತ್ಲಾ ಒಳಗೆಳೆದ ಉಸಿರಿನಲ್ಲೇ ಒಪ್ಪಿಗೆ ಕೊಡಲಿ ಎಂದೆ. ಹಿಂದಿನ ಸಾಲಿಗೆ ಅದು ಕೇಳಿಸುವುದಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ ಆಗಿತ್ತು. ಹಾಗಾಗಿ ಒಲೆಯನ್ನೇ ವೇದಿಕೆಯ ಮುಂಚೂಣಿಗೆ ತಂದು, ಆಕೆಯನ್ನು ಅದರ ಮುಂದೆ ಪ್ರೇಕ್ಷಕರಿಗೆ ಮುಖಮಾಡಿ ಕೂರಿಸಿ, ಆ ಗಳಿಗೆಗೆ ಗಾಳಿಯ ಸದ್ದನ್ನು ಪೂರ್ತಿ ನಿಲ್ಲಿಸಿದೆವು.

ಹೊರಗಿನವನೆಂಬುದು ಅನುಕೂಲವಾದ ಸಂದರ್ಭವೂ ಒಂದಿತ್ತು. ಐಸ್‌ಲ್ಯಾಂಡಿನಲ್ಲಿ ಅಧ್ಯಕ್ಷರಿಂದ ಹಿಡಿದು ಅಂಚೆಯವನವರೆಗೆ ಎಲ್ಲರನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ಗೌರವಕ್ಕೆಂದಿದ್ದ ಬಹುವಚನ ದಿನಬಳಕೆಯಿಂದ ಅಳಿದು ಅರ್ಧ ಶತಮಾನವೇ ಆಯಿತು. ಹೀಗೆ ಬೆಳೆದ ಹುಡುಗರಿಗೆ ಹದಿನೆಂಟನೆಯ ಶತಮಾನದ ಆಳು ಒಡತಿಯ ಮುಂದೆ ಹೇಗೆ ನಿಲ್ಲುತ್ತಾನೆಂಬುದು ಮೈಯಲ್ಲಿ ಗೊತ್ತಿರಲಿಲ್ಲ. ಒಡತಿಯ ಭಾವಮೈದುನ, ಅಂದರೆ ಊರಿನ ಅಧಿಕಾರಿ, ಒಳಗೆ ಬಂದರೂ ಆಳುಗಳು ಪೆಟ್ರೋಲ್ ಪಂಪಿನ ಬಳಿ ಗೆಳೆಯ ಸಿಕ್ಕಂತೆ ನಿಂತಿರುತ್ತಿದ್ದರು. ನೀನು–ನೀವುಗಳ ಅಂತರ ಇಂದಿಗೂ ಜೀವಂತವಿರುವ ಕಡೆಯಿಂದ ಬಂದ ನನಗೆ ಅದನ್ನು ತೋರಿಸಲು ಮಾತೇ ಬೇಕಾಗಲಿಲ್ಲ: ದೊಡ್ಡವರು ಬಂದಾಗ ಕೈಯಲ್ಲಿದ್ದ ಕೆಲಸ ಹೇಗೆ ನಿಲ್ಲುತ್ತದೆ, ಬಾಗಿಲಿಗೂ ಅವರಿಗೂ ನಡುವೆ ಹೇಗೆ ಯಾರೂ ನಿಲ್ಲುವುದಿಲ್ಲ, ಕೂರೆಂದ ಮೇಲೂ ಕುರ್ಚಿಯ ತುದಿಯಲ್ಲಷ್ಟೇ ಹೇಗೆ ಕೂರುತ್ತಾರೆ ಎಂಬುದನ್ನು ಮಾಡಿ ತೋರಿಸಿದೆ. ಮೊದಲ ಅಂಕಕ್ಕೆ ಬೇಕಾದ ಬಿಗಿ ಅಲ್ಲಿಂದ ಬಂತು.

ಈ ನಾಟಕದಲ್ಲೊಂದು ಜೋಗುಳವಿದೆ. ನಾಟಕವನ್ನು ನೋಡದವರಿಗೂ ಅದು ಗೊತ್ತು, ಏಕೆಂದರೆ ಅಲ್ಲಿನ ತಾಯಂದಿರು ಅದನ್ನು ಇಂದಿಗೂ ಮಕ್ಕಳಿಗೆ ಹಾಡುತ್ತಾರೆ. ಮಗುವನ್ನು ನೀರಿಗೆಸೆಯುವ ತಾಯಿಯ ಹಾಡದು ಎಂಬ ಸಂಗತಿಯನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಐಸ್‌ಲ್ಯಾಂಡಿಕ್ ಪದ್ಯದ ಕಟ್ಟು ಹೀಗಿದೆ: ಒಂದು ಸಾಲಿನಲ್ಲಿ ಎರಡು ಒತ್ತುಳ್ಳ ಪದಗಳು ಒಂದೇ ಧ್ವನಿಯಿಂದ ಹೊರಡಬೇಕು, ಮುಂದಿನ ಸಾಲಿನ ಮೊದಲ ಒತ್ತು ಅದೇ ಧ್ವನಿಯಿಂದ ಅವಕ್ಕೆ ಉತ್ತರ ಕೊಡಬೇಕು, ಸ್ವರಗಳಾದರೆ ಯಾವ ಸ್ವರಕ್ಕೆ ಯಾವುದಾದರೂ ಸಲ್ಲುತ್ತದೆ. ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಹುಡುಕುವ ಷಟ್ಪದಿಯ ಕಿವಿ ನನ್ನದು. ಅದನ್ನು ಮೊದಲ ಧ್ವನಿಗೆ ಸರಿಸಿಕೊಂಡ ಮೇಲೆ ಆ ಜೋಗುಳ ಬೇರೆಯೇ ಆಗಿ ಕೇಳಿಸಿತು. ಪ್ರೇಕ್ಷಕರು ಜೊತೆಗೂಡಿ ಗುನುಗತೊಡಗಿದರೆ ದೃಶ್ಯ ಸಿಹಿಯಾಗಿಬಿಡುತ್ತದೆಂಬ ಭಯವಿತ್ತು. ಅದಕ್ಕೇ ರಾಗವನ್ನು ತೆಗೆದು, ಆ ಧ್ವನಿಗಳ ಉತ್ತರ–ಪ್ರತ್ಯುತ್ತರ ಮಾತ್ರ ಕೇಳುವಂತೆ ಬರೀ ಮಾತಿನಲ್ಲಿ ಹೇಳಿಸಿದೆ.

ಹಾಡಿನಲ್ಲಿ ತಾಯಿ ಮಗುವಿನ ಆಟಿಕೆಗಳನ್ನು ಜೋಪಾನ ಮಾಡುವ ಮಾತು ಬರುತ್ತದೆ. ಆ ಆಟಿಕೆಗಳು ಮೂಳೆಗಳು. ಹಿಂದಿನ ಕಾಲದ ಮಕ್ಕಳು ಅಲ್ಲಿ ಕೊಂಬನ್ನು ಕುರಿಯೆಂದು, ಕಾಲ್ಮೂಳೆಯನ್ನು ಕುದುರೆಯೆಂದು, ದವಡೆಯನ್ನು ಹಸುವೆಂದು ಇಟ್ಟುಕೊಂಡು ಹೊಲಮನೆಯಾಟ ಆಡುತ್ತಿದ್ದರು. ತಂಡದ ಹಿರಿಯರೊಬ್ಬರು ತಮ್ಮ ಅಜ್ಜಿಯ ಕಾಲದ ಒಂದು ಡಬ್ಬಿ ತಂದುಕೊಟ್ಟರು. ಬಳಸಿ ಬಳಸಿ ಕಾಲ್ಮೂಳೆಗಳ ಅಂಚು ನುಣುಪಾಗಿ, ಬಣ್ಣ ತುಪ್ಪದ ಹಾಗೆ ಹಳದಿಗಟ್ಟಿತ್ತು. ಮೂರನೆಯ ಅಂಕದುದ್ದಕ್ಕೂ ಮಗು ಅವನ್ನು ಸಾಲಾಗಿ ಜೋಡಿಸುತ್ತಿರುತ್ತದೆ. ಮಗು ಹೋದ ಮೇಲೆ ಯಾರೂ ಅವನ್ನು ಎತ್ತದೆ, ಹಿಡಿಯಲು ಬಂದವರು ಅವುಗಳ ಮೇಲೆಯೇ ನಡೆದುಹೋಗುತ್ತಾರೆ. ಆ ದೃಶ್ಯಕ್ಕೆ ಅಜ್ಜಿಯ ಮೂಳೆಗಳನ್ನು ತೆಗೆದಿಟ್ಟು ಬೇರೆ ಬಳಸಿದೆವು. ಊರಲ್ಲಿ ಕುರಿಮೂಳೆಗೇನೂ ಬರವಿರಲಿಲ್ಲ.

ಜಲಪಾತಕ್ಕೆ ಧ್ವನಿಮುದ್ರಣ ಬೇಡವೆಂದು ಮೀನು ಘಟಕದಿಂದ ಮಂಜುಗಡ್ಡೆಯ ಪುಡಿಯನ್ನು ತಂದು, ವೇದಿಕೆಯ ಪಕ್ಕದ ಮರೆಯಲ್ಲಿ ಓರೆಯಾಗಿ ನಿಲ್ಲಿಸಿದ ತಗಡಿನ ಮೇಲೆ ಸುರಿಸಿದೆವು. ನಿಧಾನಕ್ಕೆ ಸುರಿದರೆ ದೂರದ ನೀರು, ಒಮ್ಮೆಲೇ ಸುರಿದರೆ ಹತ್ತಿರದ್ದು. ಪ್ರತಿ ಪ್ರದರ್ಶನದ ನಂತರ ನೆಲ ಒರೆಸುವುದು ನಿರ್ದೇಶಕನ ಪಾಲಿಗೆ ಬಂತು. ಎರಡನೆಯ ಅಂಕದ ಕುಸ್ತಿ ಅಲ್ಲಿನ ಸಾಂಪ್ರದಾಯಿಕ ಗ್ಲೀಮಾ. ಕುಸ್ತಿಪಟುಗಳು ನೆಟ್ಟಗೆ ನಿಂತು, ನೆಲ ನೋಡದೆ, ಪ್ರದಕ್ಷಿಣೆಯ ದಿಕ್ಕಿನಲ್ಲಿ ಹೆಜ್ಜೆ ಹಾಕುತ್ತ ಪಟ್ಟು ಹಾಕಲು ಕಾಯುತ್ತಾರೆ. ಅದನ್ನು ಕಲಿತಿದ್ದ ಊರಿನವರೊಬ್ಬರು ನಟರನ್ನು ತಿದ್ದಿದರು, ನಾನು ದೂರ ಕೂತು ನೋಡಿದೆ.

ಮೂರನೆಯದಕ್ಕೆ ರೇಕ್ಯಾವಿಕ್‌ಗೆ ಮರಳಿದೆ. ಸರ್ಕಾರದ ರಂಗನಿಧಿಗೆ ಅರ್ಜಿ ಹಾಕಿ, ಕೇಳಿದ್ದಕ್ಕಿಂತ ಕಡಿಮೆ ಹಣ ಪಡೆದು, ತ್ಯಾರ್ನಾರ್‌ಬಿಯೋದಲ್ಲಿ ಗ್ರೀಕ್ ನಾಟಕಕಾರ ಸೊಫೋಕ್ಲಿಸನ 'ಆಂಟಿಗನಿ'ಯನ್ನು ವೃತ್ತಿಪರ ನಟರೊಂದಿಗೆ ಮಾಡಿದೆ. ಮಂಜುಗಡ್ಡೆಯ ಉಗ್ರಾಣವಾಗಿ ಹುಟ್ಟಿ, 1942ರಲ್ಲಿ ಚಿತ್ರಮಂದಿರವಾದ ಆ ಕಟ್ಟಡ ಈಗ ಸ್ವತಂತ್ರ ತಂಡಗಳ ನೆಲೆ. ಪಠ್ಯಕ್ಕೆ ಅನುಮತಿ ಪಡೆದು ಬಳಸಿದ್ದು ಹೆಲ್ಗಿ ಹಾಲ್ಫ್‌ಡಾನಾರ್ಸನ್ ಅವರ ಅನುವಾದವನ್ನು. ಉತ್ತರದ ಹೂಸಾವೀಕ್ ಊರಿನಲ್ಲಿ ಔಷಧದಂಗಡಿ ನಡೆಸುತ್ತಿದ್ದ ಈ ಮನುಷ್ಯ ಶೇಕ್ಸ್‌ಪಿಯರನ ಅಷ್ಟೂ ನಾಟಕಗಳನ್ನು, ಅದರ ಜೊತೆಗೆ ಗ್ರೀಕ್ ದುರಂತಗಳನ್ನೂ ಐಸ್‌ಲ್ಯಾಂಡಿಕ್‌ಗೆ ತಂದವರು. ಅವರ ಭಾಷೆ ಗ್ರಾಂಥಿಕ, ಕೆಲವು ಯುವನಟರಿಗೆ ಅದರ ಬಗ್ಗೆ ಮುಜುಗರವಿತ್ತು. ಸರಳಗೊಳಿಸಲು ನಾನು ಒಪ್ಪಲಿಲ್ಲ. ಹಳಗನ್ನಡದ ಸಾಲನ್ನು ಪ್ರೇಕ್ಷಕರಿಗೆ ಮುಟ್ಟಿಸಲು ನಾವು ಮಾಡುವುದನ್ನೇ ಮಾಡಿದೆವು: ಮೊದಲು ಅದನ್ನು ಸ್ವಂತ ಮಾತಿನಲ್ಲಿ ಜಗಳವಾಡಿ, ಆ ಜಗಳದ ಉಸಿರು ಕೂತ ಮೇಲೆ ಮೂಲ ಸಾಲನ್ನು ಅದರೊಳಗೆ ಹಾಕುವುದು.

ಹೆಚ್ಚು ಚರ್ಚೆಯಾದದ್ದು ಪಾತ್ರಹಂಚಿಕೆ. ಆ ದೇಶದಲ್ಲಿ ಈಗ ಹೊರಗಿನಿಂದ ಬಂದವರ ಪಾಲು ಐದರಲ್ಲಿ ಒಂದಕ್ಕೆ ಸಮೀಪಿಸಿದೆ, ಪೋಲೆಂಡಿನವರೇ ಅವರಲ್ಲಿ ಹೆಚ್ಚು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಪರದೇಶದ ಉಚ್ಚಾರಣೆಯ ಐಸ್‌ಲ್ಯಾಂಡಿಕ್ ಕಿವಿಗೆ ಬೀಳುತ್ತಲೇ ಇರುತ್ತದೆ, ವೇದಿಕೆಯ ಮೇಲೆ ಅಪರೂಪ. ಪೋಲಿಷ್ ಮೂಲದ ನಟಿಯೊಬ್ಬಳನ್ನು ನಾನು ತಂಡಕ್ಕೆ ತೆಗೆದುಕೊಂಡಾಗ, ಆಕೆಗೆ ಕಾವಲುಗಾರನ ಪಾತ್ರ ಒಪ್ಪುತ್ತದೆಂದು ಹಲವರು ಸೂಚಿಸಿದರು. ಕಾವಲುಗಾರ ನಗಿಸುವ, ಹೆದರುವ, ತನ್ನ ತಲೆ ಉಳಿದರೆ ಸಾಕೆನ್ನುವ ಪಾತ್ರ. ಉಚ್ಚಾರಣೆಯೂ ಸೇರಿದರೆ ನಗು ಯಾವುದಕ್ಕೆ ಬಂತೆಂದು ಯಾರು ಹೇಳಬಲ್ಲರು? ಆಕೆಗೆ ಕುರುಡ ಕಾಲಜ್ಞಾನಿ ತೈರೀಸಿಯಸ್‌ನ ಪಾತ್ರ ಕೊಟ್ಟೆ. ಇಡೀ ನಾಟಕದಲ್ಲಿ ಆ ಕುರುಡ ಹೇಳಿದ್ದು ಒಂದೂ ಸುಳ್ಳಾಗುವುದಿಲ್ಲ, ರಾಜನಿಗೆ ಅವನ ಮಾತನ್ನು ಕೇಳದೆ ಗತಿಯಿಲ್ಲ. ಆಕೆಯ ಉಚ್ಚಾರಣೆಯನ್ನು ತಿದ್ದುವ ಗೋಜಿಗೆ ಹೋಗಲಿಲ್ಲ, ಪದದ ಮೊದಲ ಅಕ್ಷರದ ಒತ್ತನ್ನು ಮಾತ್ರ ಬಿಡದೆ ಅಭ್ಯಾಸ ಮಾಡಿಸಿದೆ. ಒತ್ತು ತನ್ನ ಜಾಗದಲ್ಲಿದ್ದರೆ ಸ್ವರ ಕೊಂಚ ಆಚೀಚೆಯಾದರೂ ಐಸ್‌ಲ್ಯಾಂಡಿನ ಪ್ರೇಕ್ಷಕನಿಗೆ ಅರ್ಥ ತಪ್ಪುವುದಿಲ್ಲ ಎಂಬುದು ನನ್ನ ಮೊದಲ ಎರಡು ನಾಟಕಗಳ ಗಳಿಕೆ.

ಗ್ರ್ಯಾಂಡ್ ರಿಹರ್ಸಲ್‌ಗೆ ಬಂದವರಲ್ಲಿ ಕೆಲವರು ಆ ದೃಶ್ಯದ ಆರಂಭ ತಿಳಿಯಲಿಲ್ಲವೆಂದರು. ನಾನು ನಟಿಯ ಮಾತಿಗೆ ಕೈಹಾಕದೆ, ಅದಕ್ಕೆ ಮುಂಚಿನ ಮೇಳದ ಹಾಡಿನ ಗತಿಯನ್ನು ತಗ್ಗಿಸಿ, ತೈರೀಸಿಯಸ್ ವೇದಿಕೆಯ ನಡುವಿಗೆ ಬಂದು ನಿಲ್ಲುವವರೆಗೆ ಯಾರೂ ಮಾತಾಡದಂತೆ ಮಾಡಿದೆ. ಮೊದಲ ಪ್ರದರ್ಶನದ ದಿನದಿಂದ ಆ ದೂರು ಬರಲಿಲ್ಲ. ಮುಂದಿನ ನಾಟಕಕ್ಕೂ ಅದೇ ನಟಿಯ ಹೆಸರು ಸೇರಿಸಿ ರಂಗನಿಧಿಗೆ ಅರ್ಜಿ ಹಾಕಿದ್ದೇನೆ. ಈ ಸಲ ಆಕೆಯದು ಮುಖ್ಯ ಪಾತ್ರ.