ಅಂಕಪಟ್ಟಿಯನ್ನು ಪಾಠಕ್ಕೆ ಬಳಸುವ ಬಗೆ

ಸರ್ಕಾರಿ ಶಾಲೆಯ ಶಿಕ್ಷಕರ ಬಳಿ ಮಾಹಿತಿಗೆ ಕೊರತೆಯಿಲ್ಲ. ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವಿನ) ಮತ್ತು ಎರಡು ಸಂಕಲನಾತ್ಮಕ (ಅವಧಿಯ ಕೊನೆಯ) ಮೌಲ್ಯಮಾಪನಗಳ ಅಂಕಗಳು, ಪ್ರತಿದಿನದ ಹಾಜರಾತಿ, ವಿದ್ಯಾರ್ಥಿಗಳ ವಿವರ ಇಡುವ ಸ್ಯಾಟ್ಸ್ ತಂತ್ರಾಂಶದ ದಾಖಲೆ ಎಲ್ಲವೂ ಇವೆ. ಇವನ್ನು ಮೇಲಿನ ಕಚೇರಿಗೆ ಕಳುಹಿಸುವಷ್ಟು ಶ್ರದ್ಧೆಯಿಂದ ನಾವು ತರಗತಿಗೆ ಮರಳಿ ತರುವುದಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯದ ಕೊನೆಯ ಸ್ಥಾನದಲ್ಲಿದ್ದವು. ಆದರೆ ಯಾವ ಮಗುವಿಗೆ ಏನು ತಿಳಿದಿಲ್ಲ ಎಂಬುದು ಆ ಸ್ಥಾನದಿಂದ ಗೊತ್ತಾಗುವುದಿಲ್ಲ. ಅದಕ್ಕೆ ಉತ್ತರ ಪತ್ರಿಕೆಯನ್ನೇ ನೋಡಬೇಕು.

ಮೊದಲಿಗೆ ಒಂದು ತರಗತಿ, ಒಂದು ವಿಷಯ, ಒಂದು ಪರೀಕ್ಷೆ ಸಾಕು. ಎಡಕ್ಕೆ ಮಕ್ಕಳ ಹೆಸರು, ಮೇಲೆ ಪ್ರಶ್ನೆಗಳ ಸಂಖ್ಯೆ ಬರೆದು, ಪ್ರತಿ ಚೌಕದಲ್ಲಿ ಅಂಕದ ಬದಲು ಮಗು ಬರೆದ ತಪ್ಪು ಉತ್ತರವನ್ನೇ ದಾಖಲಿಸಿ. ಎಕ್ಸೆಲ್ ಬಾರದಿದ್ದರೆ ಚೌಕುಳಿ ಹಾಳೆಯೂ ಆದೀತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ತಪ್ಪಿದ ಪ್ರಶ್ನೆಯಿದ್ದರೆ ಆ ಪಾಠವನ್ನು ಇಡೀ ತರಗತಿಗೆ ಮತ್ತೆ ಮಾಡಬೇಕು. ನಾಲ್ಕೈದು ಮಕ್ಕಳಷ್ಟೇ ತಪ್ಪಿದ್ದರೆ ಅವರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡರಾಯಿತು. ಇಪ್ಪತ್ತು ಮಕ್ಕಳ ತರಗತಿಯಲ್ಲಿ ಒಂದು ಮಗುವೆಂದರೆ ಶೇ. 5 ಆಗುವುದರಿಂದ ಶೇಕಡಾವಾರು ಲೆಕ್ಕಕ್ಕೆ ಹೆಚ್ಚು ಬೆಲೆ ಕೊಡಬೇಡಿ.

ತಪ್ಪಿನ ಬಗೆ ಗುರುತಿಸುವುದೇ ಈ ಕೆಲಸದ ಜೀವಾಳ. 1/2 + 1/3 ಎಂಬ ಲೆಕ್ಕಕ್ಕೆ ಒಬ್ಬಳು 2/5 ಎಂದೂ, ಇನ್ನೊಬ್ಬ 2/6 ಎಂದೂ ಬರೆದರೆ ಇಬ್ಬರಿಗೂ ಸಿಗುವುದು ಸೊನ್ನೆಯೇ. ಆದರೆ ಮೊದಲನೆಯವಳು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾಳೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೂ ಉತ್ತರ ಅರ್ಧಕ್ಕಿಂತ ಕಡಿಮೆ ಬಂದಿರುವುದು ಅವಳ ಗಮನಕ್ಕೆ ಬಂದಿಲ್ಲ. ಅವಳಿಗೆ ಕಾಗದದ ಪಟ್ಟಿ ಮಡಚಿ ಭಿನ್ನರಾಶಿಯ ಅರ್ಥವನ್ನೇ ತೋರಿಸಬೇಕು. ಎರಡನೆಯವನಿಗೆ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಗೊತ್ತಿದೆ, ಅಂಶಗಳನ್ನು ಬದಲಿಸುವುದನ್ನು ಬಿಟ್ಟಿದ್ದಾನೆ. ಸಮಾನ ಭಿನ್ನರಾಶಿಗಳ ಅಭ್ಯಾಸ ಅವನಿಗೆ ಸಾಕು. ಇಬ್ಬರನ್ನೂ ಒಂದೇ ಪರಿಹಾರ ಬೋಧನೆಗೆ ಕೂರಿಸಿದರೆ ಒಬ್ಬರ ಸಮಯವಂತೂ ವ್ಯರ್ಥ.

ಬರಿಯ ಲೆಕ್ಕ ಸರಿಯಾಗಿ ಮಾಡುವ ಮಗು ವಾಕ್ಯರೂಪದ ಲೆಕ್ಕದಲ್ಲಿ ಎಡವುತ್ತಿದ್ದರೆ ಪ್ರಶ್ನೆಯನ್ನು ಓದಿ ಹೇಳಿ ಬಾಯಿಯಿಂದ ಉತ್ತರ ಕೇಳಿ. ತಾಂಡಾದ ಲಂಬಾಣಿ, ಗುರುಮಠಕಲ್ಲಿನ ತೆಲುಗು, ಔರಾದಿನ ಮರಾಠಿ ಮನೆಮಾತಿನ ಮಕ್ಕಳಿಗೆ ಹಲವು ಸಲ ತೊಡಕಾಗುವುದು ಗಣಿತವಲ್ಲ, ಕನ್ನಡದ ಓದು.

ಈ ಹಾಳೆಯ ಪಕ್ಕದಲ್ಲೇ ಹಾಜರಾತಿ ಪುಸ್ತಕವನ್ನೂ ಇಟ್ಟುಕೊಳ್ಳಿ. ಶಹಾಪುರ, ಸುರಪುರದ ಕಡೆ ಹತ್ತಿ ಬಿಡಿಸುವ ವಾರಗಳಲ್ಲಿ ಬಾರದ ಮಗು ಆಗ ನಡೆದ ಪಾಠದ ಪ್ರಶ್ನೆಗಳಲ್ಲೇ ತಪ್ಪಿದ್ದರೆ, ಅದನ್ನು ನಿಧಾನ ಕಲಿಕೆಯ ಪಟ್ಟಿಗೆ ಸೇರಿಸುವುದು ಅನ್ಯಾಯ. ಆ ಮಗುವಿಗೆ ಬೇಕಾದದ್ದು ತಪ್ಪಿಹೋದ ಪಾಠ.

ಮರುಪಾಠವಾದ ಎರಡು ವಾರಗಳೊಳಗೆ 1/4 + 2/3ರಂಥ ಎರಡು ಮೂರು ಹೊಸ ಲೆಕ್ಕಗಳನ್ನು ಅಂಕವಿಲ್ಲದೆ ಕೊಟ್ಟು ನೋಡಿ. ತಪ್ಪು ಹಾಗೆಯೇ ಉಳಿದಿದ್ದರೆ ಹೆಚ್ಚುವರಿ ತರಗತಿ ಬೇಡ, ಕಲಿಸುವ ವಿಧಾನ ಬದಲಾಗಲಿ.

ಈ ಹಾಳೆಯನ್ನು ಗೋಡೆಗೆ ಅಂಟಿಸುವುದಾಗಲಿ, ಪಾಲಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದಾಗಲಿ ಕೂಡದು. ಪಾಲಕರಿಗೆ ಅವರ ಮಗುವಿನ ಸಾಲನ್ನಷ್ಟೇ ತೋರಿಸಿ. ವರ್ಷದ ಕೊನೆಗೆ ಮುಂದಿನ ತರಗತಿಯ ಶಿಕ್ಷಕರಿಗೆ ಅಂಕಗಳು ಹೇಗೂ ಸಿಗುತ್ತವೆ, ತಪ್ಪಿನ ಬಗೆ ಮಾತ್ರ ಸಿಗುವುದಿಲ್ಲ. ಆದ್ದರಿಂದ ಈ ಹಾಳೆಯ ಒಂದು ಪ್ರತಿಯನ್ನು ಅವರ ಕೈಗೇ ಕೊಡಿ.