ಮಳೆಗಾಲದಲ್ಲಿ ದಿನಾ ನೆಲ ಒರೆಸುವುದು ಬಿಟ್ಟ ಮೇಲೆ ಮನೆ ಚೊಕ್ಕವಾಯಿತು

ದಿನಾ ಒರೆಸದ ಮನೆ ಒಂದು ಮನೆಯಾ ಎಂದು ಕೇಳದವರಿಲ್ಲ. ಈಗ ಮೂರನೇ ಮಳೆಗಾಲ ಕಳೆದಿದೆ. ಅಂಕೋಲೆ ಕಡೆಯ ಹಂಚಿನ ಮನೆ, ಜಗಲಿ ಸೇರಿ ಐದು ಕೋಣೆ, ರೆಡ್ ಆಕ್ಸೈಡಿನ ಕೆಂಪು ನೆಲ, ಸಮುದ್ರದ ಗಾಳಿ ನೇರ ಒಳಗೆ. ಕಪಾಟು ತೆಗೆದರೆ ಬೂಸ್ಟಿನ ವಾಸನೆ ಇಲ್ಲ, ದಿನದ ಕೆಲಸ 25 ನಿಮಿಷ ದಾಟುವುದಿಲ್ಲ. ಹಾಗಾಗಿ ಧೈರ್ಯವಾಗಿಯೇ ಬರೆಯುತ್ತಿದ್ದೇನೆ.

ಸೋಮವಾರ ಫ್ಯಾನು, ಮಂಗಳವಾರ ಕಿಟಕಿ ಎನ್ನುವ ವಾರದ ಪಟ್ಟಿ ಕರಾವಳಿಗೆ ಹೊಂದುವುದಿಲ್ಲ. ಮಂಗಳವಾರ ಜಡಿಮಳೆ ಹಿಡಿದರೆ ಪಟ್ಟಿ ಅಲ್ಲಿಗೇ ಮುರಿಯಿತು. ಇಲ್ಲಿ ಲೆಕ್ಕ ಇಡಬೇಕಾದದ್ದು ಒದ್ದೆ ಆರುವ ಹೊತ್ತನ್ನು. ಏಪ್ರಿಲಿನಲ್ಲಿ ಒರೆಸಿದ ನೆಲ ಹತ್ತು ನಿಮಿಷಕ್ಕೆ ಆರುತ್ತದೆ. ಜುಲೈಯ ಪುನರ್ವಸು ಮಳೆಯಲ್ಲಿ ಎರಡು ತಾಸಾದರೂ ಅಂಗಾಲಿಗೆ ತಣ್ಣಗೆ ತಾಗುತ್ತಿರುತ್ತದೆ. ಬಕೆಟಿನಲ್ಲಿ ಕಡಿಮೆಯಾದ ನೀರನ್ನು ಅಳೆದು ನೋಡಿದೆ: ಒಂದು ಸಲ ಮನೆಯೆಲ್ಲ ಒರೆಸಿದರೆ ಹತ್ತಿರ ಹತ್ತಿರ ಒಂದೂವರೆ ಲೀಟರ್ ಒಳಗೇ ಉಳಿಯುತ್ತದೆ. ಹೊರಗಿನ ಗಾಳಿಯೇ ನೀರು ಕುಡಿದು ತುಂಬಿರುವಾಗ ಆ ನೀರು ಹೊರಗೆ ಹೋಗುವುದಿಲ್ಲ, ಹಾಸಿಗೆಗೆ, ಕಪಾಟಿನ ಬೆನ್ನಿಗೆ, ಗೋಡೆಯ ಬುಡಕ್ಕೆ ಸೇರುತ್ತದೆ.

ಆದ್ದರಿಂದ ಆರ್ದ್ರೆಯಿಂದ ಮಘೆ ಮಳೆ ಮುಗಿಯುವ ತನಕ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ, ಒದ್ದೆ ಒರೆಸು ವಾರಕ್ಕೆ ಎರಡೇ ಸಲ, ಅದೂ ಮಳೆ ಬಿಟ್ಟು ಹೊಳವಾದ ದಿನ, ಹನ್ನೊಂದು ಗಂಟೆಯ ನಂತರ. ಅರ್ಧ ಬಕೆಟ್ ನೀರಿಗೆ ಒಂದೇ ಚಿಕ್ಕ ಚಮಚ ಸೋಪಿನ ಪುಡಿ. ಹೆಚ್ಚು ಹಾಕಿದರೆ ನೆಲ ಅಂಟಂಟಾಗಿ ಮರುದಿನವೇ ಕಾಲಿನ ಗುರುತು ಹಿಡಿಯುತ್ತದೆ. ಬಟ್ಟೆಯನ್ನು ಒಂದು ಹನಿಯೂ ಬೀಳದ ಹಾಗೆ ಹಿಂಡಬೇಕು. ಫ್ಯಾನ್ ಹಾಕಿ ಇಪ್ಪತ್ತು ನಿಮಿಷದಲ್ಲಿ ಮೊದಲ ಕೋಣೆ ಆರದಿದ್ದರೆ ಎರಡನೆಯದಕ್ಕೆ ಹೋಗುವುದಿಲ್ಲ. ಅಡುಗೆಮನೆಯ ಕಟ್ಟೆಯ ಕೆಳಗೆ ಮಾತ್ರ ಎಣ್ಣೆಯ ಜಿಡ್ಡಿಗಾಗಿ ದಿನಾ ಒಂದು ಗಜದಷ್ಟು ಜಾಗ ಒರೆಸುತ್ತೇನೆ.

ಉಳಿದ ದಿನ ಎಲ್ಲ ಒಣ ಕೆಲಸ. ಒಳಕೋಣೆಯಿಂದ ಜಗಲಿಗೆ ಗುಡಿಸುವುದು ಎಂಟು ನಿಮಿಷ. ಉದ್ದ ಕೋಲಿಗೆ ಹಳೆ ಪಂಚೆಯ ತುಂಡು ಸುತ್ತಿ ನೆಲ ಎಳೆಯುವುದು ಐದು ನಿಮಿಷ. ಮಳೆ ಹಿಡಿದ ಮೊದಲ ವಾರಗಳಲ್ಲಿ ನೆಲ ಬೆವರುತ್ತದಲ್ಲ, ಅದಕ್ಕೂ ಇದೇ ಒಣ ಬಟ್ಟೆ. ತಣ್ಣಗಿನ ನೆಲಕ್ಕೆ ಹಸಿ ಗಾಳಿ ತಾಗಿ ಹನಿಯಾಗುವುದು ಅದು, ಕೊಳೆಯಲ್ಲ. ಅದರ ಮೇಲೆ ಮತ್ತೆ ಒದ್ದೆ ಬಟ್ಟೆ ಎಳೆದರೆ ಕೆಲಸ ಇಮ್ಮಡಿ. ಗಾಳಿ ಬರುವ ದಿಕ್ಕಿನ ಬಾಗಿಲು ಹಾಕಿಟ್ಟರೆ ಅರ್ಧ ಬೆವರು ಅಲ್ಲೇ ನಿಲ್ಲುತ್ತದೆ. ಉಳಿದ ಹನ್ನೆರಡು ನಿಮಿಷ ದಿನಕ್ಕೊಂದು ಮೂಲೆಗೆ: ಇವತ್ತು ಮಾಡಿನ ಜೇಡರಬಲೆ, ನಾಳೆ ಮಂಚದ ಅಡಿ, ನಾಡಿದ್ದು ಬಚ್ಚಲ ಗೋಡೆ. ಮನೆಯಲ್ಲಿ ಹದಿನಾಲ್ಕು ಮೂಲೆ ಗುರುತು ಮಾಡಿದ್ದೇನೆ. ಒಂದು ದಿನ ತಪ್ಪಿದರೆ ಅದನ್ನು ಮರುದಿನಕ್ಕೆ ಸೇರಿಸುವುದಿಲ್ಲ, ಮುಂದಿನ ಸುತ್ತಿಗೆ ಬಿಡುತ್ತೇನೆ. ಹಾಗೆ ಸೇರಿಸುತ್ತಲೇ ಇದ್ದ ವರ್ಷ ಜುಲೈಗೇ ಎಲ್ಲ ನಿಂತುಹೋಗಿತ್ತು.

ದುಡ್ಡು ಹಾಳಾದ ಲೆಕ್ಕವೂ ಇದೆ. ತಿರುಗುವ ಮಾಪು, ಬಕೆಟ್ ಸಮೇತ ಸುಮಾರು 1,400 ರೂಪಾಯಿ. ಉಪ್ಪುಗಾಳಿಗೆ ಅದರ ಸ್ಪ್ರಿಂಗು ಎಂಟು ತಿಂಗಳಿಗೇ ತುಕ್ಕು ಹಿಡಿಯಿತು, ನೂಲಿನ ತಲೆ ಆರದೆ ನಾರಿತು. ಆ ನಾತದ ಮಾಪಿನಿಂದ ಒರೆಸಿದರೆ ಮನೆಯೆಲ್ಲ ಅದೇ ನಾತ. ತೇವ ಹೀರುವ ಡಬ್ಬಿಗಳಿಗೆ ಒಂದು ಮಳೆಗಾಲಕ್ಕೆ 900ರ ಹತ್ತಿರ ಹೋಯಿತು. ಬಾಗಿಲು ಬಿಗಿಯಾದ ಕಪಾಟಿನಲ್ಲಿ ಚೆನ್ನಾಗಿಯೇ ಹೀರುತ್ತವೆ, ಸಂದಿರುವ ಹಳೆ ಮರದ ಕಪಾಟಿನಲ್ಲಿ ಹತ್ತು ದಿನಕ್ಕೇ ತುಂಬುತ್ತವೆ. ಮಡಕೆಯಲ್ಲಿ ಇದ್ದಿಲು ಇಟ್ಟೂ ನೋಡಿದೆ. ವಾಸನೆ ಎಳೆಯಿತು, ಬೂಸ್ಟು ನಿಲ್ಲಲಿಲ್ಲ. ಗೆದ್ದದ್ದು 15 ವ್ಯಾಟಿನ ಹಳೆ ಮಾದರಿಯ ಬಿಸಿಯಾಗುವ ಬಲ್ಬು. ಕಪಾಟಿನ ತಳದಲ್ಲಿ, ಬಟ್ಟೆಗೆ ಒಂದು ಅಡಿ ದೂರ, ತಂತಿಯ ಬಲೆಯೊಳಗೆ. ಎಲ್‌ಇಡಿ ಹಾಕಿದರೆ ಪ್ರಯೋಜನವಿಲ್ಲ, ನಮಗೆ ಬೇಕಾದದ್ದು ಅದರ ಶಾಖ. ರಾತ್ರಿ ಮಾತ್ರ ಉರಿಸಿದರೆ ತಿಂಗಳಿಗೆ ಐದಾರು ಯೂನಿಟ್. ಜೊತೆಗೆ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದಿಡಬೇಕು. ಈ ಒಂದು ಕೆಲಸಕ್ಕೆ ಬಿಡಿಗಾಸೂ ಬೇಡ, ಫಲ ಮಾತ್ರ ಎಲ್ಲಕ್ಕಿಂತ ಹೆಚ್ಚು.

ಮರದ ಮೇಲಿನ ಬೂಸ್ಟಿಗೆ ಬ್ಲೀಚಿಂಗ್ ನೀರು ಹಾಕಬೇಡಿ. ಮೇಲೆ ಬೆಳ್ಳಗಾಗುತ್ತದೆ, ನೀರು ಒಳಗಿಳಿದು ವಾರದಲ್ಲಿ ಮತ್ತೆ ಏಳುತ್ತದೆ. ಒಣಗಿದ್ದನ್ನು ಬ್ರಶ್ಶಿನಿಂದ ಉಜ್ಜಿದರೂ ಪುಡಿ ಹಾರಿ ಕೋಣೆಯೆಲ್ಲ ಹರಡುತ್ತದೆ. ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಸ್ಪಿರಿಟ್ ಹಚ್ಚಿ. ಹತ್ತಿರ ಬೆಂಕಿ ಬೇಡ, ಕಿಟಕಿ ತೆರೆದಿರಲಿ. ಜೂನಿನಲ್ಲಿ ಬಾಗಿಲಿಗೆ ತೆಂಗಿನೆಣ್ಣೆ ಬಳಿದದ್ದು ತಪ್ಪಾಯಿತು, ಧೂಳು ಹಿಡಿದು ಅದರ ಮೇಲೇ ಬೂಸ್ಟು ಬಂತು. ಎಣ್ಣೆ ಏನಿದ್ದರೂ ಬಿಸಿಲು ಕಾಯುವ ಏಪ್ರಿಲಿನಲ್ಲಿ. ಕೆಂಪು ನೆಲದ ಹೊಳಪಿಗೂ ನಾನು ಆಗಲೇ ಒಂದು ಮಿಶ್ರಣ ಹಚ್ಚುತ್ತೇನೆ. ಅದರಲ್ಲಿ ತೆಂಗಿನೆಣ್ಣೆ ಇದೆ ಎಂದಷ್ಟೇ ಹೇಳುತ್ತೇನೆ, ಉಳಿದ ಎರಡು ವಸ್ತು ನನ್ನಲ್ಲೇ ಇರಲಿ.

ಚಿರೆಕಲ್ಲಿನ ನೆಲದ ಬಾವಿನೀರಲ್ಲಿ ಕಬ್ಬಿಣದ ಅಂಶ ಇದ್ದರೆ ಬಚ್ಚಲು, ಕಮೋಡು ಹಳದಿಯಾಗುತ್ತದೆ. ಅದಕ್ಕೂ ಬ್ಲೀಚಿಂಗ್ ತಾಗಬಾರದು, ಕಲೆ ಇನ್ನೂ ಕೆಂಪಾಗಿ ಗಟ್ಟಿಯಾಗುತ್ತದೆ. ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಿಟ್ರಿಕ್ ಆಸಿಡ್, ಅರ್ಧ ತಾಸು ಬಿಟ್ಟು ಉಜ್ಜಿ. ಬ್ಲೀಚಿಂಗ್ ಹಾಕಿದ ಜಾಗಕ್ಕೆ ಯಾವ ಹುಳಿಯನ್ನೂ ಸೇರಿಸಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಕೆಂಪು ನೆಲಕ್ಕೂ ಹುಳಿ ಬೇಡ, ಸಿಮೆಂಟು ಸುಟ್ಟು ಬಿಳಿ ಕಲೆ ಉಳಿಯುತ್ತದೆ. ಶರಬತ್ತು ಮಾಡಿ ಉಳಿದ ಮುರುಗಲ (ಕೋಕಂ) ಸಿಪ್ಪೆಯನ್ನು ತಾಮ್ರದ ಹಂಡೆಗೆ ಉಪ್ಪಿನ ಜೊತೆ ತಿಕ್ಕಿ ನೋಡಿದೆ. ಹುಣಸೆಗಿಂತ ಬೇಗ ಬೆಳಗಿತು, ಆದರೆ ಬಟ್ಟೆಗೆ ಬಿದ್ದ ಕೆಂಪು ಹೋಗಲೇ ಇಲ್ಲ.

ಅಂಗಳದ ಪಾಚಿಗೆ ಹತ್ತು ಲೀಟರ್ ನೀರಿಗೆ ನೂರು ಗ್ರಾಂ ಬ್ಲೀಚಿಂಗ್ ಪುಡಿ. ಹಾಕಿ ಅರ್ಧ ತಾಸು ಬಿಟ್ಟು ತೆಂಗಿನ ಕಡ್ಡಿಯ ಹಿಡಿಯಿಂದ ಉಜ್ಜಬೇಕು. ಅಷ್ಟರೊಳಗೆ ಮಳೆ ಬಂದರೆ ಹಾಕಿದ್ದೆಲ್ಲ ಗಟಾರಕ್ಕೆ. ಬಾವಿಕಟ್ಟೆ ಮತ್ತು ತುಳಸಿಯ ಕಡೆ ಹರಿಯದಂತೆ ನೋಡಿಕೊಳ್ಳಿ. ಮೇ ಕೊನೆಗೆ ಒಮ್ಮೆ ಮಾಡಿ, ನಡೆಯುವ ದಾರಿಗೆ ತೆಂಗಿನ ಮಡಲು ಹಾಸಿದರೆ ಮಳೆಗಾಲದಲ್ಲಿ ಒಂದು ಸಲ ಸಾಕಾಗುತ್ತದೆ. ಘಟ್ಟದ ಮೇಲೆ, ಶಿರಸಿ ಕಡೆ, ಇದೇ ಕೆಲಸಕ್ಕೆ ಅಡಿಕೆ ಸೋಗೆ ಇದೆ.

ಎಲ್ಲರಿಂದ ಹೆಚ್ಚು ಆಕ್ಷೇಪ ಬಂದದ್ದು ಚೌತಿಯ ವಿಷಯಕ್ಕೆ. ಹಬ್ಬಕ್ಕೆ ಮುಂಚೆ ಗೋಡೆ, ಪರದೆ, ಚಾದರ ಎಲ್ಲ ತೊಳೆಯುವ ರೂಢಿ. ನಾನು ಚೌತಿಗೆ ಬಲೆ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ದೇವರ ಕೋಣೆ ಮಾತ್ರ ತೊಳೆಯುತ್ತೇನೆ. ದೊಡ್ಡ ತೊಳೆತವೆಲ್ಲ ನವರಾತ್ರಿ ಕಳೆದು ದೀಪಾವಳಿಯೊಳಗೆ, ಬಿಸಿಲು ನಿಂತ ಮೇಲೆ ಮೂರು ದಿನ. ತಿಂಗಳಿಗೆ 400ರಷ್ಟು ಇದ್ದ ಲಿಕ್ವಿಡ್ಡಿನ ಖರ್ಚು ಈಗ 120ರ ಆಸುಪಾಸು. ಇನ್ನೂ ಬಗೆಹರಿಯದ್ದು ಪಶ್ಚಿಮದ ಕಿಟಕಿಯ ಸೊಳ್ಳೆ ಜಾಳಿಗೆ: ಉಪ್ಪು ಮತ್ತು ಧೂಳು ಸೇರಿ ಗಾರೆಯಂತಾಗುತ್ತದೆ. ಸದ್ಯ ಹದಿನೈದು ದಿನಕ್ಕೊಮ್ಮೆ ಬಿಚ್ಚಿ, ಸಿಹಿನೀರಲ್ಲಿ ಒಂದು ತಾಸು ನೆನೆಸಿಡುತ್ತಿದ್ದೇನೆ.